ಪ್ರಾಜೆಕ್ಟ್‌ಗೆ ಯಾವುದು: ಗೋಳಗುಮ್ಮಟದ ದನಿ, ಕರೇಜ್ ನೀರು, ಇಂಡಿ ಲಿಂಬೆ?

ವಿಜಯಪುರದಲ್ಲಿ ಪದವಿ ಓದುವ ತಂಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಗುಮ್ಮಟದ ದನಿ ಭೌತಶಾಸ್ತ್ರ, ಕರೇಜ್ ಎಂಬ ನೆಲದಡಿಯ ಹಳೆಯ ಕಾಲುವೆ ಇತಿಹಾಸ, ಇಂಡಿ ತಾಲ್ಲೂಕಿನ ಲಿಂಬೆ ಅರ್ಥಶಾಸ್ತ್ರ. ಮೂರೂ ನನಗೆ ಇಷ್ಟವೇ.

ಖರ್ಚಿನಲ್ಲಿ ಗೋಳಗುಮ್ಮಟ ಹಗುರ. ಟಿಕೆಟ್ ಮತ್ತು ಮೊಬೈಲ್ ರೆಕಾರ್ಡಿಂಗ್ ಇದ್ದರೆ ಶುರು ಮಾಡಬಹುದು. ಆದರೆ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುವ ಪಿಸುಮಾತಿನ ಗ್ಯಾಲರಿಯಲ್ಲಿ ಜನ ಸುಮ್ನೆ ಇರುವುದಿಲ್ಲ, ಎಲ್ಲರೂ ಕೂಗಿ ನೋಡುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಮೈಕ್, ಸ್ಟ್ಯಾಂಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯನ್ನು ಮೊದಲೇ ಕೇಳಿ.

ಸಮಯ ಜಾಸ್ತಿ ಬೇಡುವುದು ಲಿಂಬೆ. ಬೇಸಿಗೆಯಲ್ಲಿ ದರ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಒಂದೇ ತಿಂಗಳು ನೋಡಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು (ಜಿಐ, ಅಂದರೆ ಆ ಊರಿನದೇ ಬೆಳೆ ಎಂಬ ಸರ್ಕಾರಿ ಮಾನ್ಯತೆ) ಸಿಕ್ಕಿದೆ. ಅದರಿಂದ ರೈತನ ಕೈಗೆ ಏನು ಬಂತು? ಈ ಪ್ರಶ್ನೆಯನ್ನು ತೋಟಕ್ಕೆ ಹೋಗಿಯೇ ಕೇಳಬೇಕು. ಮನೆಯವರು ರೈತರಾಗಿದ್ದರೆ, ಮಾತು ಬೆಳೆಸುವುದು ಹಿತವೆನಿಸಿದರೆ, ಇದನ್ನೇ ಹಿಡಿಯಿರಿ.

ಕರೇಜ್ ಕಷ್ಟದ ಹಾದಿ. ವಿಜಯಪುರವನ್ನು ಆಳಿದ ಆದಿಲಶಾಹಿಗಳ ಕಾಲದ ಈ ನೆಲದಡಿಯ ಕಾಲುವೆ, ಪಂಪಿಲ್ಲದೆ ಬರೀ ಇಳಿಜಾರಿನ ಬಲದಿಂದ ಊರಿಗೆ ನೀರು ತರುತ್ತಿತ್ತು. ಎಷ್ಟು ಜಾಣ ಕೆಲಸ, ಅಲ್ವಾ? ಆದರೆ ಹಳೆಯ ಮೂಲಗಳು ಪರ್ಷಿಯನ್ ಭಾಷೆಯಲ್ಲಿವೆ, ಓದಿ ಹೇಳುವವರು ಬೇಕು. ಸುರಂಗದೊಳಗೆ ಒಬ್ಬರೇ ಇಳಿಯಲೇಬೇಡಿ. ಮಾರ್ಗದರ್ಶಕರು ಗಟ್ಟಿಯಿದ್ದು, ಮುಂದೆ ಸಂಶೋಧನೆಗೆ ಹೋಗುವ ಆಸೆಯಿದ್ದರೆ ಈ ಶ್ರಮ ಕೈಬಿಡುವುದಿಲ್ಲ. ಕೈಯಲ್ಲಿ ಎರಡೇ ತಿಂಗಳಿದ್ದರೆ ಗುಮ್ಮಟವೇ ಸರಿ.