ನ್ಯಾನೊಟ್ಯೂಬ್ ಜೆಲ್‌ಗೆ ಯಾವ ಪಾಲಿಮರ್? ಪಿವಿಎ, ಆಲ್ಜಿನೇಟ್, ಪಾಲಿಅಕ್ರಿಲಮೈಡ್‌ಗಳ ಹೋಲಿಕೆ

ಕಾರ್ಬನ್ ನ್ಯಾನೊಟ್ಯೂಬ್ (ವಿದ್ಯುತ್ ಹರಿಸಬಲ್ಲ, ಅತಿ ಸೂಕ್ಷ್ಮ ಇಂಗಾಲದ ಕೊಳವೆ) ಸೇರಿಸಿದ ಜೆಲ್ ತಯಾರಿಸುವವರು ಸಾಮಾನ್ಯವಾಗಿ ಯಾವ ಪಾಲಿಮರ್ ಹೆಚ್ಚು ಗಟ್ಟಿ ಎಂದು ಮೊದಲು ಕೇಳುತ್ತಾರೆ. ಒಂದೇ ಬಗೆಯ ಬಹುಗೋಡೆಯ (ಒಂದರೊಳಗೊಂದು ಪದರಗಳಿರುವ) ಕೊಳವೆಗಳನ್ನು ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್), ಆಲ್ಜಿನೇಟ್, ಪಾಲಿಅಕ್ರಿಲಮೈಡ್ ಎಂಬ ಮೂರು ಪಾಲಿಮರ್‌ಗಳಲ್ಲಿ ಹಾಕಿ ನೋಡಿದ ನನಗೆ, ನೀರಿನಲ್ಲಿ ಕಷ್ಟಪಟ್ಟು ಬಿಡಿಸಿದ ಕೊಳವೆಗಳು ಜೆಲ್ ಕಟ್ಟುವ ಹೊತ್ತಿಗೂ ಬಿಡಿಯಾಗಿಯೇ ಉಳಿಯುತ್ತವೆಯೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದು ತೋರಿದೆ.

ಮೊದಲ ಹಂತ ಮೂರಕ್ಕೂ ಒಂದೇ. ಎಸ್‌ಡಿಎಸ್ ಎಂಬ ಸರ್ಫ್ಯಾಕ್ಟಂಟ್ (ಕೊಳವೆಗಳಿಗೆ ಅಂಟಿ ಅವು ನೀರಿನಲ್ಲಿ ಬಿಡಿಯಾಗಿರುವಂತೆ ಮಾಡುವ, ಸಾಬೂನಿನಂತಹ ವಸ್ತು) ಕರಗಿಸಿದ ನೀರಿಗೆ ಕೊಳವೆಗಳನ್ನು ಹಾಕಿ, ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು ಪ್ರೋಬ್ ಸೋನಿಕೇಟರ್ (ಶ್ರವಣಾತೀತ ಧ್ವನಿಯ ಕಂಪನ ಕೊಡುವ ಕಡ್ಡಿ) ಹಾಯಿಸಿದೆ. ಹೆಚ್ಚು ಹೊತ್ತು ಹಾಯಿಸಿದರೆ ಕಟ್ಟುಗಳು ಬಿಡುವುದರ ಜೊತೆಗೆ ಕೊಳವೆಗಳೂ ತುಂಡಾಗುತ್ತವೆ. ಉದ್ದ ಕಡಿಮೆಯಾದಷ್ಟೂ ವಿದ್ಯುತ್ ಹರಿಯುವ ಜಾಲ ಕಟ್ಟಲು ಹೆಚ್ಚು ಕೊಳವೆಗಳು ಬೇಕಾಗುತ್ತವೆ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ, ಬಿಡದೆ ಉಳಿದ ಗಂಟುಗಳನ್ನು ತಳಕ್ಕಿಳಿಸಿ, ಮೇಲಿನ ಕಪ್ಪು ದ್ರವವನ್ನಷ್ಟೇ ಬಳಸಿದೆ.

ಆಲ್ಜಿನೇಟ್ ಅತ್ಯಂತ ಸುಲಭವೆಂದು ಕಾಣುತ್ತದೆ: ಬಿಸಿ ಮಾಡಬೇಕಿಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಬಿದ್ದೊಡನೆ ಮಣಿಯಾಗುತ್ತದೆ. ಆದರೆ ತೊಡಕಿರುವುದೂ ಆ ಕ್ಯಾಲ್ಸಿಯಂನಲ್ಲಿಯೇ. ಅದು ಎಸ್‌ಡಿಎಸ್ ಜೊತೆ ಸೇರಿ ಕರಗದ ಲವಣವಾಗುವುದರಿಂದ ಆಸರೆ ತಪ್ಪಿದ ಕೊಳವೆಗಳು ಮತ್ತೆ ಗುಂಪುಗೂಡುತ್ತವೆ. ಮಣಿಯನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದೇ ಸಮನಾದ ಕಪ್ಪಿನ ಬದಲು ಬೂದು ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆಗಳು ಕಂಡವು. ಆಮ್ಲದಲ್ಲಿ ಸಂಸ್ಕರಿಸಿ ಕಾರ್ಬಾಕ್ಸಿಲ್ ಗುಂಪು ಕೂರಿಸಿದ ಕೊಳವೆಗಳನ್ನು ಬಳಸಿದರೂ ಕ್ಯಾಲ್ಸಿಯಂ ಆ ಗುಂಪುಗಳಿಗೂ ಅಂಟಿಕೊಳ್ಳುತ್ತದೆ; ಮೇಲಾಗಿ ಆ ಸಂಸ್ಕರಣೆಯಿಂದ ಕೊಳವೆಯ ವಾಹಕತೆಯೂ ಕುಂದುತ್ತದೆ. ಟ್ರೈಟಾನ್ ಎಕ್ಸ್-100ರಂತಹ ವಿದ್ಯುದಾವೇಶವಿಲ್ಲದ ಸರ್ಫ್ಯಾಕ್ಟಂಟ್‌ಗೆ ಬದಲಾಯಿಸಿದ ಮೇಲೆಯೇ ಪರಿಸ್ಥಿತಿ ಸುಧಾರಿಸಿತು.

ಪಿವಿಎಯಲ್ಲಿ ಅಡ್ಡಬಂಧಕ್ಕೆ (ಪಾಲಿಮರ್ ಸರಪಳಿಗಳನ್ನು ಒಂದಕ್ಕೊಂದು ಬೆಸೆಯಲು) ಯಾವ ರಾಸಾಯನಿಕವೂ ಬೇಡ. ಪುಡಿಯನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕರಗಿಸಿ, ಆರಿಸಿ, ಕೊಳವೆಗಳ ದ್ರವ ಬೆರೆಸಿ, ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಕರಗಿಸುವುದನ್ನು ಪುನರಾವರ್ತಿಸಿದರೆ, ಪಾಲಿಮರ್ ಸರಪಳಿಗಳು ಅಲ್ಲಲ್ಲಿ ಸಣ್ಣ ಹರಳುಗಳಾಗಿ ಜೋಡಿಕೊಂಡು ಜೆಲ್ ನಿಲ್ಲುತ್ತದೆ. ನೀರು ಮಂಜಾಗುವಾಗ ಕೊಳವೆಗಳನ್ನೂ ಪಾಲಿಮರನ್ನೂ ಮಂಜಿನ ಹರಳುಗಳ ನಡುವಿನ ಸಂದಿಗೆ ತಳ್ಳುತ್ತದೆ. ಹರಡಿಕೆ ಸಮವಾಗಿರಬೇಕೆನ್ನುವವರಿಗೆ ಇದು ದೋಷ. ವಾಹಕತೆ ಬೇಕೆನ್ನುವವರಿಗೆ, ಕೊಳವೆಗಳು ಸಂದಿಗಳಲ್ಲಿ ಒತ್ತೊತ್ತಾಗಿ ಸೇರುವುದರಿಂದ, ಅನುಕೂಲವೂ ಆಗಬಹುದು. ಕೈಯಲ್ಲಿ ಹಿಡಿದು ಮಡಚಿ ಎಳೆಯಬಹುದಾದ ಜೆಲ್ ಬೇಕಿದ್ದರೆ ನನ್ನ ಆಯ್ಕೆ ಇದೇ. ಕಲಕುವಾಗ ಏಳುವ ನೊರೆ ಮಾತ್ರ ತಲೆನೋವು. ಅಚ್ಚಿಗೆ ಸುರಿಯುವ ಮೊದಲು ಗುಳ್ಳೆಗಳು ಹೋಗುವವರೆಗೆ ಕಾಯಲೇಬೇಕು.

ಹರಡಿಕೆಯನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ಪಾಲಿಅಕ್ರಿಲಮೈಡ್ ಮುಂದು. ಪ್ರೋಟೀನ್‌ಗಳನ್ನು ಬೇರ್ಪಡಿಸುವ ಪ್ರಯೋಗಾಲಯಗಳಲ್ಲಿ ಎಸ್‌ಡಿಎಸ್ ಮತ್ತು ಈ ಜೆಲ್ ಬಹುಕಾಲದಿಂದ ಜೊತೆಯಾಗಿಯೇ ಬಳಕೆಯಲ್ಲಿರುವುದರಿಂದ ಇದು ಆಶ್ಚರ್ಯವೇನಲ್ಲ. ಅಮೋನಿಯಂ ಪರ್ಸಲ್ಫೇಟ್ ಮತ್ತು ಟೆಮೆಡ್ ಎಂಬ, ಸರಪಳಿ ಕಟ್ಟುವ ಕ್ರಿಯೆಯನ್ನು ಆರಂಭಿಸುವ ರಾಸಾಯನಿಕಗಳನ್ನು ಹಾಕಿದ ಮೇಲೆ ಕೊಳವೆಗಳು ಗುಂಪುಗೂಡುವ ಮೊದಲೇ ಜಾಲ ಬಿಗಿಯುತ್ತದೆ. ಕೊಳವೆಗಳು ಈ ಕ್ರಿಯೆ ನಡೆಸುವ ಮುಕ್ತ ರ‍್ಯಾಡಿಕಲ್‌ಗಳನ್ನು ಹೀರಿಕೊಳ್ಳುವುದರಿಂದ, ಕೊಳವೆಗಳ ಪ್ರಮಾಣ ಹೆಚ್ಚಿದರೆ ಜೆಲ್ ಕಟ್ಟುವುದು ನಿಧಾನವಾಗುತ್ತದೆ. ಜೆಲ್‌ಗೆ ಅಂಚಿನಲ್ಲಿ ಸಣ್ಣ ಗಾಯವಾದರೂ ಅಲ್ಲಿಂದಲೇ ಸೀಳುತ್ತದೆ. ಅಕ್ರಿಲಮೈಡ್ ಮಾನೊಮರ್ (ಪಾಲಿಮರ್ ಆಗುವ ಮೊದಲಿನ ಬಿಡಿ ಅಣು) ನರಗಳಿಗೆ ವಿಷವಾದ್ದರಿಂದ ಕೈಗವಸಿಲ್ಲದೆ ಮುಟ್ಟುವಂತಿಲ್ಲ.

ವಾಹಕತೆ ಅಳೆಯುವಾಗ ಮೂರರಲ್ಲೂ ಒಂದೇ ಎಚ್ಚರಿಕೆ ಬೇಕು. ಒದ್ದೆ ಜೆಲ್‌ಗೆ ಮಲ್ಟಿಮೀಟರ್ ಹಿಡಿದರೆ ಅಂಕಿ ನಿಲ್ಲದೆ ಸರಿಯುತ್ತಲೇ ಇರುತ್ತದೆ, ಏಕೆಂದರೆ ಅಲ್ಲಿ ವಿದ್ಯುತ್ ಸಾಗಿಸುವವುಗಳಲ್ಲಿ ಎಸ್‌ಡಿಎಸ್, ಪರ್ಸಲ್ಫೇಟ್, ಕ್ಯಾಲ್ಸಿಯಂ ಲವಣಗಳ ಅಯಾನುಗಳೂ ಇರುತ್ತವೆ. ಕೊಳವೆಯಿಲ್ಲದ ಜೆಲ್ ಒಂದನ್ನು ಅದೇ ಲವಣಗಳೊಂದಿಗೆ ತಯಾರಿಸಿ, ಎರಡನ್ನೂ ಪರ್ಯಾಯ ವಿದ್ಯುತ್ತಿನ ಬೇರೆ ಬೇರೆ ಆವೃತ್ತಿಗಳಲ್ಲಿ ಅಳೆದು ಹೋಲಿಸಿದ ಮೇಲೆಯೇ ಕೊಳವೆಗಳ ಪಾಲು ಎಷ್ಟೆಂದು ಹೇಳಲು ಬರುತ್ತದೆ.