ಒಂಬತ್ತು ವರ್ಷ ಜೊತೆಗಿದ್ದ ಮರುಭೂಮಿಯ ಅಜ್ಜಂದಿರು

ಪುಸ್ತಕ: 'ದಿ ಸೇಯಿಂಗ್ಸ್ ಆಫ್ ದ ಡೆಸರ್ಟ್ ಫಾದರ್ಸ್', ಅಂದರೆ ಮರುಭೂಮಿಯ ಅಜ್ಜಂದಿರ ಮಾತುಗಳು. ಗ್ರೀಕ್‌ನಿಂದ ಇಂಗ್ಲಿಷಿಗೆ ತಂದವರು ಬೆನೆಡಿಕ್ಟಾ ವಾರ್ಡ್. ಮೊದಲ ಮುದ್ರಣ 1975. ನನ್ನದು ಪೇಪರ್‌ಬ್ಯಾಕ್.

ತಂದ ಹೊಸದರಲ್ಲಿ ಕಾದಂಬರಿ ಥರ ಮೊದಲಿನಿಂದ ಓದಲು ಹೋಗಿ ಸೋತೆ. ನಲವತ್ತು ಪುಟಕ್ಕೆ ತಲೆ ಚಿಟ್ಟು ಹಿಡಿಯಿತು. ಉಪವಾಸ, ಮೌನ, ದೆವ್ವ, ಮತ್ತೆ ಉಪವಾಸ. ಪುಸ್ತಕ ಕಪಾಟು ಸೇರಿತು. ಆರೇಳು ತಿಂಗಳಾದ ಮೇಲೆ ಬಸ್ಸಿಗೆ ಹೊರಟಾಗ ಸುಮ್ನೆ ಕೈಗೆತ್ತಿಕೊಂಡೆ. ಎಲ್ಲೋ ಒಂದು ಪುಟ ತೆರೆದು ಎರಡೇ ಮಾತು ಓದಿ ಮುಚ್ಚಿದೆ. ಓದುವ ಕ್ರಮ ಆಗ ಸಿಕ್ಕಿತು. ದಿನಕ್ಕೆ ಒಂದು ಸಾಕು, ಎರಡಾದರೆ ಜಾಸ್ತಿ.

ಈ ಅಜ್ಜಂದಿರೆಲ್ಲ ಹೆಚ್ಚಾಗಿ 4 ಮತ್ತು 5ನೇ ಶತಮಾನದ ಈಜಿಪ್ಟಿನ ಕ್ರೈಸ್ತ ಸನ್ಯಾಸಿಗಳು. ನೈಟ್ರಿಯಾ, ಕೆಲ್ಲಿಯಾ, ಸ್ಕೆಟಿಸ್ ಎಂಬ ಕಡೆ ಗುಡಿಸಲು ಹಾಕಿಕೊಂಡಿದ್ದರು. ಸ್ಕೆಟಿಸ್ ಅಂದರೆ ಇವತ್ತಿನ ವಾದಿ ನತ್ರುನ್. ಕಿರಿಯರು ಬಂದು "ಅಬ್ಬಾ, ಒಂದು ಮಾತು ಹೇಳಿ" ಎಂದು ಕೇಳುತ್ತಿದ್ದರು. ಅಜ್ಜ ಹೇಳಿದರೆ ಹೇಳಿದ, ಇಲ್ಲದಿದ್ದರೆ ಇಲ್ಲ. ಆ ಮಾತುಗಳು ಬಾಯಿಂದ ಬಾಯಿಗೆ ಹೋಗಿ, ಆಮೇಲೆ ಗ್ರೀಕ್‌ನಲ್ಲಿ ಸಂಗ್ರಹವಾದವು. ಅಬ್ಬಾ ಅಂದರೆ ಅಪ್ಪ. ಹೆಂಗಸರೂ ಮೂವರಿದ್ದಾರೆ: ಥಿಯೊಡೋರಾ, ಸಾರಾ, ಸಿಂಕ್ಲೆಟಿಕಾ. ಅವರನ್ನು ಕರೆಯುವುದು 'ಅಮ್ಮ' ಅಂತಲೇ! ಇಂಗ್ಲಿಷ್ ಓದುಗರಿಗೆ ಅಡಿಟಿಪ್ಪಣಿ ಬೇಕಾಗಬಹುದು, ನಮಗೆ ಬೇಡ.

ಪವಾಡದ ಕಥೆಗಳು ನನಗೆ ಒಂದೂ ನೆನಪಿಲ್ಲ. ಉಳಿದಿರುವುದು ಕೆಲಸದ ಕಥೆಗಳು. ಪುಸ್ತಕದ ಮೊದಲ ಮಾತೇ ನೋಡಿ. ಆಂಟನಿ ಅಜ್ಜನಿಗೆ ಬೇಸರ ಬಂದುಬಿಟ್ಟಿದೆ, ಮನಸ್ಸು ನಿಲ್ಲುತ್ತಿಲ್ಲ. ಹೊರಗೆ ಬಂದರೆ ತನ್ನಂಥವನೇ ಒಬ್ಬ ಕೂತು ಹಗ್ಗ ಹೊಸೆಯುತ್ತಿದ್ದಾನೆ. ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕೂತು ಹೊಸೆಯುತ್ತಾನೆ. ಅವನು ದೇವದೂತ. "ಹೀಗೆ ಮಾಡು" ಎನ್ನುತ್ತಾನೆ, ಅಷ್ಟೇ. ಇನ್ನೊಬ್ಬ ಆರ್ಸೇನಿಯಸ್. ಅರಮನೆಯ ಸುಖ ಬಿಟ್ಟು ಬಂದವನು. ಈಚಲ ಗರಿ ನೆನೆಹಾಕಿದ ನೀರನ್ನು ವರ್ಷಕ್ಕೆ ಒಂದೇ ಸಲ ಬದಲಿಸುತ್ತಿದ್ದ. ಹಿಂದೆ ಪೂಸಿಕೊಂಡ ಸುಗಂಧಕ್ಕೆಲ್ಲ ಈ ನಾತವೇ ಲೆಕ್ಕ ಚುಕ್ತಾ ಅಂತೆ. ತೆಂಗಿನ ಮಡಲು ನೆನೆಹಾಕಿ ಹೆಣೆಯುವ ಮನೆಯಲ್ಲಿ ಬೆಳೆದವರಿಗೆ ಆ ನೀರು ವಾರಕ್ಕೇ ಹೇಗಾಗುತ್ತದೆ ಅಂತ ಗೊತ್ತು. ಒಂದು ವರ್ಷ!

ನಾನು ಜಾಸ್ತಿ ಬಳಸಿದ್ದು ಮೋಸೆಸ್ ಅಜ್ಜನ ಪುಟ. ಸ್ಕೆಟಿಸ್‌ನಲ್ಲಿ ಒಬ್ಬ ತಪ್ಪು ಮಾಡಿದ, ಪಂಚಾಯಿತಿ ಸೇರಿತು. ಮೋಸೆಸ್ ಮೊದಲು ಹೋಗಲೇ ಇಲ್ಲ. ಹೇಳಿಕಳಿಸಿದ ಮೇಲೆ ಎದ್ದ, ತೂತು ಕೊಡದಲ್ಲಿ ನೀರು ತುಂಬಿ ಹೊತ್ತುಕೊಂಡು ಬಂದ. ಏನಿದು ಅಂತ ಕೇಳಿದರೆ, ನನ್ನ ಪಾಪ ನನ್ನ ಹಿಂದೆ ಸೋರುತ್ತಿದೆ, ನನಗೆ ಕಾಣುತ್ತಿಲ್ಲ, ಇನ್ನೊಬ್ಬನ ತಪ್ಪು ತೀರ್ಮಾನಿಸಲು ಬಂದಿದ್ದೇನೆ ಅಂದ. ಅಲ್ಲಿಗೆ ಪಂಚಾಯಿತಿ ಮುಗಿಯಿತು. ಆಫೀಸಿನಲ್ಲಿ ಒಬ್ಬರ ಮೇಲೆ ದೂರು ಬರೆದು, ಕಳಿಸುವ ಮುಂಚೆ ಈ ಕೊಡ ನೆನಪಾಗಿ ಎರಡು ಸಾಲು ಅಳಿಸಿದ್ದೇನೆ. ಪೂರ್ತಿ ಅಳಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಎಲ್ಲವೂ ಒಗ್ಗಲಿಲ್ಲ. ಅಮ್ಮ ಸಾರಾ ಅರವತ್ತು ವರ್ಷ ನದಿಯ ಪಕ್ಕದಲ್ಲಿದ್ದರೂ ಒಮ್ಮೆಯೂ ತಲೆಯೆತ್ತಿ ನದಿ ನೋಡಲಿಲ್ಲವಂತೆ. ಅದನ್ನು ಹೊಗಳಿಕೆಯಾಗಿ ಬರೆದಿದ್ದಾರೆ. ನೇತ್ರಾವತಿ ದಂಡೆಯಲ್ಲಿ ಬೆಳೆದ ನನಗೆ ಇದು ಇವತ್ತಿಗೂ ಗಂಟಲಿಗಿಳಿದಿಲ್ಲ. ಹೆಂಗಸರನ್ನು ಕಂಡರೆ ಓಡುವ ಅಜ್ಜಂದಿರ ಕಥೆಗಳೂ ಸಾಕಷ್ಟಿವೆ. ಅವನ್ನು ಈಗ ಹಾರಿಸಿಬಿಡುತ್ತೇನೆ.

ಪುಸ್ತಕದ ಮೈಕಟ್ಟಿನ ವಿಷಯ: ನಾನು ತರಿಸಿದ ಅಂಗಡಿಯವರು ಕಳಿಸಿದ ಪ್ರತಿಯ ಬೆನ್ನಿನ ಅಂಟು ಮೂರನೇ ವರ್ಷಕ್ಕೇ ಬಿಟ್ಟಿತು. ಪೊಯ್ಮೆನ್ ಅಜ್ಜನ ಭಾಗ ಪೂರ್ತಿ ಕಳಚಿಕೊಂಡಿದೆ. ಅವನದೊಬ್ಬನದೇ 180ಕ್ಕೂ ಹೆಚ್ಚು ಮಾತುಗಳಿವೆ, ಎಲ್ಲರಿಗಿಂತ ಜಾಸ್ತಿ, ಹಾಗಾಗಿ ಸಣ್ಣ ಕಟ್ಟೇ ಹೊರಬಂತು. ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ.

ದೊಡ್ಡ ತೊಂದರೆ ಜೋಡಣೆಯದು. ಹೆಸರುಗಳು ಗ್ರೀಕ್ ಅಕ್ಷರಮಾಲೆಯ ಕ್ರಮದಲ್ಲಿವೆ. ಆಂಟನಿಯಿಂದ ಶುರುವಾಗಿ ಓರ್ ಎಂಬವನಲ್ಲಿ ಮುಗಿಯುತ್ತದೆ, ಯಾಕೆಂದರೆ ಅವನ ಹೆಸರು ಗ್ರೀಕಿನ ಕೊನೆಯ ಅಕ್ಷರ ಒಮೇಗಾದಿಂದ ಶುರು. ಕೋಪದ ಬಗ್ಗೆ ಏನಿದೆ ಎಂದು ಹುಡುಕಿದರೆ ಪುಟ ಮಗುಚುತ್ತಲೇ ಇರಬೇಕು. ಹೆಸರು ಗೊತ್ತಿಲ್ಲದವರ ಕಥೆಗೆ ಇಲ್ಲಿ ಜಾಗವೂ ಇಲ್ಲ. ನಾನು ಬೇರೆಲ್ಲೋ ಕೇಳಿ ಮೆಚ್ಚಿದ್ದ ಇಟ್ಟಿಗೆ ಕಥೆಯನ್ನು ಇದರಲ್ಲಿ ಎರಡು ದಿನ ಹುಡುಕಿದ್ದೇನೆ! ಅದು ಇರುವುದು ವಿಷಯವಾರು ಜೋಡಿಸಿದ ಇನ್ನೊಂದು ಸಂಗ್ರಹದಲ್ಲಿ. ಅದರ ಲ್ಯಾಟಿನ್ ರೂಪವನ್ನು ವಾರ್ಡ್ ಅವರೇ ಅನುವಾದಿಸಿದ್ದಾರೆ, ಪೆಂಗ್ವಿನ್ 2003ರಲ್ಲಿ ತಂದಿದೆ. ಮೊದಲ ಸಲ ಓದುವವರು ಅದನ್ನೇ ತಗೊಳ್ಳಿ.

ಇಟ್ಟಿಗೆ ಕಥೆ ಇಷ್ಟೇ. ಇಬ್ಬರು ಅಜ್ಜಂದಿರು ವರ್ಷಗಟ್ಟಲೆ ಜೊತೆಗಿದ್ದರೂ ಒಮ್ಮೆಯೂ ಜಗಳ ಆಡಿರಲಿಲ್ಲ. ಎಲ್ಲರ ಹಾಗೆ ನಾವೂ ಒಂದು ಜಗಳ ಮಾಡೋಣ ಎಂದ ಒಬ್ಬ. ಹೇಗೆ ಮಾಡೋದು ಅಂತ ಇನ್ನೊಬ್ಬನಿಗೆ ಗೊತ್ತಿಲ್ಲ. ನಡುವೆ ಒಂದು ಇಟ್ಟಿಗೆ ಇಟ್ಟರು. "ಇದು ನನ್ನದು." "ಅಲ್ಲ, ನನ್ನದು." "ಓ, ನಿನ್ನದಾ? ಹಾಗಾದರೆ ತಗೋ." ಜಗಳ ಅಲ್ಲಿಗೇ ನಿಂತಿತು. ಈ ಒಂದು ಕಥೆಗೋಸ್ಕರ ಎರಡನೇ ಪುಸ್ತಕವನ್ನೂ ಕೊಂಡೆ. ದುಡ್ಡು ದಂಡ ಅನಿಸಿಲ್ಲ.