ಕೋಶದೊಳಗೆ ಇಳಿದ ಮೇಲೂ ಬೆಳಗುವ ಬಣ್ಣ: ಎಫ್‌ಐಟಿಸಿ, ಅಲೆಕ್ಸಾ 488, ಬಯೋಟಿನ್

ಜೀವಂತ ಕೋಶದೊಳಗೆ ಇಳಿಯುವ ಪ್ರೋಟೀನಿನ ಬೆನ್ನು ಹತ್ತುವವರು ಅದಕ್ಕೆ ಕಟ್ಟುವ ಹೊಳೆಯುವ ಬಣ್ಣವಾಗಿ ಅಲೆಕ್ಸಾ ಫ್ಲೂರ್ 488 ಕೊಳ್ಳಿ. ದುಬಾರಿ ನಿಜ, ಆದರೂ ಅದನ್ನೇ ಕೊಳ್ಳಿ. ಎಫ್‌ಐಟಿಸಿ ಎಂಬ ಅಗ್ಗದ ಬಣ್ಣದಲ್ಲಿ ಹಣ ಉಳಿಸಲು ಹೋಗಿ ಆರು ವಾರದ ಅಳತೆಗಳನ್ನು ಕಳೆದುಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಹಿಂಬಾಲಿಸುತ್ತಿದ್ದುದು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವುದು ಅದರ ಕೆಲಸ. ಕೋಶದ ಮೇಲ್ಮೈಯಲ್ಲಿರುವ ತನ್ನ ಗ್ರಾಹಕಕ್ಕೆ ಅಂಟಿಕೊಂಡು ಒಳಗೆ ಹೋಗುತ್ತದೆ. ಎಂಡೋಸೋಮ್ ಎಂಬ ಪುಟ್ಟ ಚೀಲದ ಹುಳಿಯಲ್ಲಿ ಕಬ್ಬಿಣವನ್ನು ಇಳಿಸುತ್ತದೆ. ಬರಿಗೈಯಲ್ಲಿ ಮತ್ತೆ ಹೊರಗೆ ಬರುತ್ತದೆ. ಈ ಇಡೀ ಸುತ್ತಿಗೆ ಹತ್ತು ಇಪ್ಪತ್ತು ನಿಮಿಷ ಸಾಕು. ಹೀಲಾ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳಲ್ಲಿ ಆ ಸುತ್ತನ್ನು ಕಣ್ಣಾರೆ ನೋಡಿ, ಹೊತ್ತು ಗುರುತು ಹಾಕಿಕೊಳ್ಳಬೇಕಿತ್ತು.

ಎಫ್‌ಐಟಿಸಿ ಕೊಂಡದ್ದಕ್ಕೆ ಕಾರಣ ಸರಳ. ಅದು ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, ಒಂದು ಸೀಸೆ ವರ್ಷಗಟ್ಟಲೆ ಬಾಳುತ್ತದೆ. ಅಲೆಕ್ಸಾ ಬರುವುದು ಒಂದು ಮಿಲಿಗ್ರಾಂ ಹಿಡಿಸುವ ಚಿಕ್ಕ ವಯಲ್‌ನಲ್ಲಿ. ಆ ವರ್ಷ ನಮ್ಮ ಅನುದಾನದ ಕೊನೆಯ ಕಂತು ಇನ್ನೂ ಬಂದಿರಲಿಲ್ಲ. ಬಣ್ಣವನ್ನು ಪ್ರೋಟೀನಿಗೆ ಕಟ್ಟುವ ಕೆಲಸವೂ ಕಷ್ಟದ್ದಲ್ಲ: ಪಿಎಚ್ 9ರ ಕಾರ್ಬೊನೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಪ್ರೋಟೀನು ಮತ್ತು ಬಣ್ಣವನ್ನು ಬೆರೆಸಿ, ಕತ್ತಲೆಯಲ್ಲಿ ಎರಡು ಗಂಟೆ ಇಟ್ಟು, ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಸೆಫಡೆಕ್ಸ್ ಜಿ-25 ಕಾಲಮ್ ಮೇಲೆ ಸುರಿಯುವುದು. ಮೊದಲು ಇಳಿಯುವ ಹಸಿರು ಹಳದಿ ಪಟ್ಟಿ ಬಣ್ಣ ಹತ್ತಿದ ಪ್ರೋಟೀನು. ನಡುವೆ ಎರಡು ಬೆರಳಗಲ ಖಾಲಿ. ಹಿಂದೆ ನಿಧಾನವಾಗಿ ಬರುವುದು ಉಳಿದ ಬಣ್ಣ. ಎಷ್ಟು ಸಲ ಮಾಡಿದರೂ ಆ ಎರಡು ಪಟ್ಟಿಗಳು ಬೇರೆಯಾಗುವುದನ್ನು ನೋಡುವುದೇ ನನಗೆ ಖುಷಿ.

ತೊಂದರೆ ಶುರುವಾದದ್ದು ಸೂಕ್ಷ್ಮದರ್ಶಕದ ಕೆಳಗೆ. ಮಂಜುಗಡ್ಡೆಯ ಮೇಲೆ ಇಟ್ಟಾಗ ಕೋಶಗಳ ಅಂಚು ಹಸಿರಾಗಿ ಬೆಳಗುತ್ತಿತ್ತು. 37 ಡಿಗ್ರಿಗೆ ತಂದ ಐದೇ ನಿಮಿಷದಲ್ಲಿ ಹೊಳಪು ಕುಸಿಯುತ್ತಿತ್ತು. ನಾನು ಬರೆದುಕೊಂಡದ್ದು, ‘ಟ್ರಾನ್ಸ್‌ಫೆರಿನ್ ಬಹಳ ಬೇಗ ಹೊರಗೆ ಹೋಗುತ್ತಿದೆ’ ಎಂದು. ಅದೇ ಅಂದಾಜಿನ ಮೇಲೆ ಆರು ವಾರ ಪ್ರಯೋಗ ನಡೆಸಿದೆ, ರೇಖಾಚಿತ್ರ ಬಿಡಿಸಿದೆ, ವಾರದ ಸಭೆಯಲ್ಲಿ ತೋರಿಸಿಯೂ ಆಯಿತು.

ಒಂದು ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಹೊರಗೆ ಹೋದದ್ದು ಸುತ್ತಲಿನ ದ್ರವದಲ್ಲಿ ಇರಬೇಕಲ್ಲವೇ? ಆ ದ್ರವ ತೆಗೆದು ಅಳೆದರೆ ಹೊಳಪು ಹೆಚ್ಚುಕಡಿಮೆ ಸೊನ್ನೆ. ಒಳಗೂ ಇಲ್ಲ, ಹೊರಗೂ ಇಲ್ಲ.

ಕಾರಣ ಬಣ್ಣದಲ್ಲಿಯೇ ಇತ್ತು. ಎಫ್‌ಐಟಿಸಿಯಲ್ಲಿ ಬೆಳಗುವ ಭಾಗವಾದ ಫ್ಲೋರೆಸೀನಿನ ಹೊಳಪು ಪಿಎಚ್ ಜೊತೆಗೆ ಏರಿಳಿಯುತ್ತದೆ. ಅದರ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನು ಹಿಡಿದಿರುವ ಪಿಎಚ್, ಸುಮಾರು 6.4. ಹೊರಗಿನ 7.4ರಲ್ಲಿ ಚೆನ್ನಾಗಿ ಬೆಳಗುವ ಬಣ್ಣ, ಎಂಡೋಸೋಮಿನ 6ರ ಆಸುಪಾಸಿಗೆ ಬಂದೊಡನೆ ಮಂಕಾಗುತ್ತದೆ. ಪ್ರೋಟೀನು ಎಲ್ಲಿಗೂ ಹೋಗಿರಲಿಲ್ಲ. ಅದರ ಮೇಲಿನ ದೀಪ ಕುಂದಿತ್ತು. ಇದು ಹೊಸ ಸಂಗತಿಯೇನಲ್ಲ. 1978ರಲ್ಲಿಯೇ ಒಕುಮಾ ಮತ್ತು ಪೂಲ್ ಎಂಬ ಸಂಶೋಧಕರು ಇದೇ ಗುಣವನ್ನು ಬಳಸಿಕೊಂಡು, ಇಲಿಯ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳಲ್ಲಿ ಲೈಸೋಸೋಮ್ ಎಂಬ ಜೀರ್ಣಿಸುವ ಚೀಲದೊಳಗಿನ ಪಿಎಚ್ 4.7–4.8 ಎಂದು ಅಳೆದಿದ್ದರು. ಅವರಿಗೆ ಅಳತೆಗೋಲಾದ ಗುಣವೇ ನನ್ನ ಅಳತೆಯನ್ನು ಕೆಡಿಸಿತು.

ಖಾತ್ರಿ ಮಾಡಿಕೊಳ್ಳಲು ಮಂಕಾದ ಕೋಶಗಳಿಗೆ 20 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಹಾಕಿದೆ. ಅಮೋನಿಯಾ ಪೊರೆ ದಾಟಿ ಚೀಲದೊಳಗೆ ನುಗ್ಗಿ, ಅಲ್ಲಿನ ಪ್ರೋಟಾನುಗಳನ್ನು ಹಿಡಿದು, ಹುಳಿಯನ್ನು ಇಳಿಸುತ್ತದೆ. ಕಣ್ಣು ಐಪೀಸಿಗೆ ಅಂಟಿಕೊಂಡೇ ಇತ್ತು. ಕಪ್ಪಾಗಿದ್ದ ಕೋಶದೊಳಗೆ, ನ್ಯೂಕ್ಲಿಯಸ್‌ನ ಪಕ್ಕದಲ್ಲಿ, ಸಾಸಿವೆ ಚೆಲ್ಲಿದಂತೆ ಹಸಿರು ಚುಕ್ಕಿಗಳು ಒಂದೊಂದಾಗಿ ಮೇಲೆದ್ದವು. ಆರು ವಾರದ ಪುಟಗಳನ್ನು ಅಂದೇ ಸಂಜೆ ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಅಲೆಕ್ಸಾ 488ರ ಹೊಳಪು ಪಿಎಚ್ 4ರಿಂದ 10ರವರೆಗೆ ಅಲುಗಾಡುವುದಿಲ್ಲ. ನನಗೆ ಅಷ್ಟೇ ಸಾಕಿತ್ತು. ಲೇಸರ್ ಬೆಳಕಿನಲ್ಲಿ ಬೇಗ ಬಿಳಿಚಿಕೊಳ್ಳುವುದಿಲ್ಲ ಎಂಬುದು ಮೇಲಿನ ಲಾಭ. ಎಫ್‌ಐಟಿಸಿಗೆ ಇಟ್ಟಿದ್ದ ಫಿಲ್ಟರ್‌ಗಳೇ ಇದಕ್ಕೂ ನಡೆಯುತ್ತವೆ.

ಅಲೆಕ್ಸಾವನ್ನು ಎನ್‌ಎಚ್‌ಎಸ್ ಎಸ್ಟರ್ ರೂಪದಲ್ಲಿ (ಪ್ರೋಟೀನಿನ ಅಮೀನಿಗೆ ಅಂಟುವ ರೂಪ) ಕೊಂಡರೆ ಎರಡು ಎಚ್ಚರ ಬೇಕು. ಅದಕ್ಕೆ ನೀರೇ ಶತ್ರು. ಫ್ರೀಜರ್‌ನಿಂದ ತೆಗೆದ ವಯಲ್ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ. ಮಳೆಗಾಲದ ಗಾಳಿಯಲ್ಲಿ ತಣ್ಣನೆಯ ಗಾಜಿನ ಒಳಗೆ ಹನಿ ಕಟ್ಟಿದರೆ ಬಣ್ಣ ಅಲ್ಲಿಯೇ ಸತ್ತಂತೆ. ಇನ್ನೊಂದು, ಟ್ರಿಸ್ ಬಫರ್ ಬೇಡ. ಟ್ರಿಸ್‌ನ ಅಮೀನು ಬಣ್ಣವನ್ನು ತಾನೇ ಹಿಡಿದುಕೊಂಡು ಪ್ರೋಟೀನಿಗೆ ಬಿಡುವುದಿಲ್ಲ. ಪಿಎಚ್ 8.3ರ ಬೈಕಾರ್ಬೊನೇಟ್, ಒಂದು ಗಂಟೆ, ಮುಗಿಯಿತು. ಬಣ್ಣ ಹೆಚ್ಚು ಹತ್ತಿಸುವ ಆಸೆಯೂ ಬೇಡ: ಒತ್ತೊತ್ತಾಗಿ ಕೂತ ಬಣ್ಣದ ಅಣುಗಳು ಒಂದರ ಹೊಳಪನ್ನು ಇನ್ನೊಂದು ನುಂಗುತ್ತವೆ. ಒಂದು ಪ್ರೋಟೀನಿಗೆ ಎರಡು ಮೂರು ಸಾಕು.

ಪ್ರೋಟೀನಿಗೆ ಬಯೋಟಿನ್ ಎಂಬ ಪುಟ್ಟ ಅಣು ಕಟ್ಟಿ, ಅದನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನಿಂದ ಗುರುತಿಸುವ ಜೋಡಿಯನ್ನೂ ಒಂದು ವಾರ ನೋಡಿದೆ. ಅದರ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಸ್ಟ್ರೆಪ್ಟಾವಿಡಿನ್‌ಗೆ ನಾಲ್ಕು ಕೈ. ಬದುಕಿರುವ ಕೋಶದ ಮೇಲ್ಮೈಯಲ್ಲಿ ಅದು ಹಲವು ಗ್ರಾಹಕಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಹಾಗೆ ಗಂಟುಬಿದ್ದ ಗ್ರಾಹಕಗಳು ಹೊರಗೆ ಮರಳುವ ದಾರಿ ಬಿಟ್ಟು ಲೈಸೋಸೋಮ್ ಕಡೆಗೆ ತಿರುಗುತ್ತವೆ. ದಾರಿಯನ್ನೇ ಬದಲಿಸುವ ಗುರುತಿನಿಂದ ದಾರಿ ತಿಳಿಯಲಾಗದು. ಆ ಜೋಡಿಯನ್ನು, ಹಾಳೆಯ ಮೇಲೆ ಪ್ರೋಟೀನು ಗುರುತಿಸುವ ಬ್ಲಾಟ್‌ಗೆ ಇಟ್ಟುಕೊಳ್ಳಿ. ಕೋಶ ಬೆಳೆಸುವ ಆರ್‌ಪಿಎಂಐ ಮಾಧ್ಯಮದಲ್ಲಿ ಬಯೋಟಿನ್ ಮೊದಲೇ ಇರುತ್ತದೆ, ಅದೇ ಆ ಕೈಗಳನ್ನು ತುಂಬಿಬಿಡುತ್ತದೆ ಎಂಬುದನ್ನೂ ನೆನಪಿಡಿ.

ಕೋಶವೇ ತಯಾರಿಸುವ ಹಸಿರು ಹೊಳೆಯುವ ಪ್ರೋಟೀನು, ಜಿಎಫ್‌ಪಿ, ಏಕಲ್ಲ ಎಂದು ಕೇಳುವವರಿಗೆ: ನಾವು ಬಳಸುವ ಅದರ ಬಗೆ ಇಜಿಎಫ್‌ಪಿ ಕೂಡ ಹುಳಿಯಲ್ಲಿ ಮಂಕಾಗುತ್ತದೆ.

ನನ್ನ ಕೆಲಸವೆಲ್ಲ ಸಂಜೆ ಸಿಗುವ ಸೂಕ್ಷ್ಮದರ್ಶಕದ ಎರಡು ಗಂಟೆಯ ಸರದಿಯಲ್ಲಿ ನಡೆಯಬೇಕು. ಒಂದು ಸಂಜೆ ಕೆಟ್ಟರೆ ಮುಂದಿನ ಸರದಿಗೆ ವಾರ ಕಾಯಬೇಕು, ಕೋಶ ಬೆಳೆಸುವ ಖರ್ಚು ಬೇರೆ. ಹೀಗಿರುವಾಗ ವಯಲ್‌ನ ಬೆಲೆ ನನಗೆ ಹೊರೆಯಾಗಿ ಕಾಣುವುದಿಲ್ಲ. ಈಗ ಪಕ್ಕದ ಪ್ರಯೋಗಾಲಯದೊಂದಿಗೆ ಪಾಲು ಹಾಕಿ ವರ್ಷಕ್ಕೆ ಎರಡು ವಯಲ್ ತರಿಸುತ್ತೇವೆ. ಇಬ್ಬರೂ ಒಂದೇ ದಿನ ಕಟ್ಟಿಕೊಳ್ಳುತ್ತೇವೆ, ಕರಗಿಸಿದ ಬಣ್ಣ ಮಿಗಿಸುವುದಿಲ್ಲ.

ಎಫ್‌ಐಟಿಸಿ ಸೀಸೆ ಇನ್ನೂ ಮುಕ್ಕಾಲು ಉಳಿದಿದೆ. ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿದ ಕೋಶಗಳಿಗೆ ಪಿಎಚ್ 7.4ರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ವಿದ್ಯಾರ್ಥಿಗಳು ಬಳಸುತ್ತಾರೆ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ‘ಮೇಲ್ಮೈಗೆ ಮಾತ್ರ’ ಎಂದು ಬರೆದಿಟ್ಟಿದ್ದೇನೆ.